ಸಾದೋವಯಾ ಬೀದಿಯ ದೆವ್ವ

ಒಂದು ಕಾಲಕ್ಕೆ ಲೆನಿನ್ ಹೆಸರು ಹೊತ್ತಿದ್ದ ಮಾಸ್ಕೋದ ಮಹಾಗ್ರಂಥಾಲಯದಲ್ಲಿ, ಹಸ್ತಪ್ರತಿ ಭಂಡಾರದೊಳಗೆ ಎರಡು ಹಳೆಯ ನೋಟುಪುಸ್ತಕಗಳಿವೆ. ಅವುಗಳ ಹಾಳೆಗಳನ್ನು ಬರೆದವನೇ ಮೇಲಿಂದ ಕೆಳಕ್ಕೆ ಉದ್ದುದ್ದಕ್ಕೆ ಹರಿದಿದ್ದಾನೆ. ಹೊಲಿಗೆಯ ಬದಿಗೆ ಅಂಟಿಕೊಂಡು ಉಳಿದ ಕಾಗದದ ಪಟ್ಟಿಗಳ ಮೇಲೆ ಸಾಲುಗಳ ತುಂಡುಗಳಿವೆ. ಎಲ್ಲೋ ಅರ್ಧ ಹೆಸರು, ಎಲ್ಲೋ ತಲೆಯಿಲ್ಲದ ಕ್ರಿಯಾಪದ. ಆಚೆ ಬದಿಯ ಭಾಗ ಬೊಲ್ಷಾಯ ಪಿರೊಗೊವ್‌ಸ್ಕಯಾ ಬೀದಿಯ ಮನೆಯ ಒಲೆಯಲ್ಲಿ ಬೂದಿಯಾಯಿತು. ಮುಂದೆ ಎಷ್ಟೋ ವರ್ಷಗಳ ಮೇಲೆ ಮಾರಿಯೆತ್ತಾ ಚುದಕೋವಾ ಎಂಬ ವಿದುಷಿ ಈ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ಉಳಿದ ತುಂಡಿನಿಂದ ಹೋದ ತುಂಡನ್ನು ಊಹಿಸುತ್ತ, ಸುಟ್ಟ ಪುಟಗಳನ್ನು ಮತ್ತೆ ಕಟ್ಟಲು ಕುಳಿತಳು. ಶಾಸನ ಒಡೆದಿದ್ದರೆ ನಮ್ಮ ಲಿಪಿತಜ್ಞರು ಮಾಡುವ ಕೆಲಸವೇ ಅದು. ಆದರೆ ಈ ಶಾಸನವನ್ನು ಒಡೆದವನು ಶತ್ರುವಲ್ಲ, ಬರೆದವನೇ.

ಅವನ ಹೆಸರು ಮಿಖಾಯಿಲ್ ಬುಲ್ಗಾಕೊವ್. 1891ರಲ್ಲಿ ಕೀವ್ ನಗರದಲ್ಲಿ ಹುಟ್ಟಿದ. ಓದಿದ್ದು ವೈದ್ಯಶಾಸ್ತ್ರ, ಕೈಹಿಡಿದದ್ದು ಸಾಹಿತ್ಯ. ಚಕ್ರವರ್ತಿ ಹೋಗಿ ಅಂತರ್ಯುದ್ಧ ಬಂದು ಊರಿಗೆ ಊರೇ ಕೈ ಬದಲಾಯಿಸುತ್ತಿದ್ದ ಕಾಲವನ್ನು ಕಣ್ಣಾರೆ ಕಂಡು, 1921ರಲ್ಲಿ ಅವನು ಮಾಸ್ಕೋಗೆ ಬಂದಿಳಿದ. ಬೊಲ್ಷಾಯ ಸಾದೋವಯಾ ಬೀದಿಯ ಹತ್ತನೆಯ ನಂಬರಿನ ಕಟ್ಟಡದಲ್ಲಿ, ಐವತ್ತನೆಯ ಮನೆಯ ಒಂದು ಕೋಣೆ ಅವನಿಗೂ ಅವನ ಮೊದಲ ಹೆಂಡತಿಗೂ ದಕ್ಕಿತು. ಹಿಂದೆ ತಂಬಾಕು ಕಾರ್ಖಾನೆಯ ಸಾಹುಕಾರನೊಬ್ಬ ಬಾಡಿಗೆಗೆಂದು ಕಟ್ಟಿಸಿದ್ದ ಅಂದದ ಕಟ್ಟಡ ಅದು. ಕ್ರಾಂತಿಯ ಬಳಿಕ ಕಾರ್ಮಿಕರ ವಠಾರವಾಗಿತ್ತು. ಒಂದೇ ಅಡುಗೆಮನೆಗೆ ಹಲವು ಸಂಸಾರ, ಗೋಡೆಯಾಚೆ ಕುಡುಕರ ಗದ್ದಲ, ಮಹಡಿ ಮೆಟ್ಟಿಲ ಮೇಲೆ ಜಗಳ. ಮುಂದೆ ಅವನ 'ಮಾಸ್ಟರ್ ಮತ್ತು ಮಾರ್ಗರಿತಾ' ಕಾದಂಬರಿಯಲ್ಲಿ ಸಾಕ್ಷಾತ್ ಸೈತಾನನು ಮಾಸ್ಕೋಗೆ ಬಂದು ಬಿಡಾರ ಹೂಡುವುದು ಇದೇ ಬೀದಿಯ ಮನೆಯಲ್ಲಿ, ಮನೆ ನಂಬರು ಸಹ ಐವತ್ತೇ. ವಠಾರದ ಮೇಲೆ ಹಗೆ ತೀರಿಸಿಕೊಳ್ಳಲು ಒಬ್ಬ ಬರಹಗಾರನಿಗೆ ಇದಕ್ಕಿಂತ ಒಳ್ಳೆಯ ದಾರಿ ಹೊಳೆಯುವುದು ಕಷ್ಟ.

1926ರ ಅಕ್ಟೋಬರಿನಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನ ರಂಗದ ಮೇಲೆ ಅವನ 'ತುರ್ಬಿನರ ದಿನಗಳು' ನಾಟಕ ಬಂತು. ಅಂತರ್ಯುದ್ಧದಲ್ಲಿ ಸೋತ ಬಿಳಿಯ ಸೈನ್ಯದ ಅಧಿಕಾರಿಗಳನ್ನು ರಾಕ್ಷಸರಂತಲ್ಲ, ಮನುಷ್ಯರಂತೆ ತೋರಿಸಿದ ನಾಟಕ. ಪತ್ರಿಕೆಗಳು ಮುಗಿಬಿದ್ದವು. ವಿಚಿತ್ರವೆಂದರೆ ಸ್ಟಾಲಿನ್ ಅದನ್ನು ಹಲವು ಬಾರಿ ಬಂದು ನೋಡಿದ. ನೋಡಿದವನ ಮೆಚ್ಚುಗೆ ನಾಟಕಕಾರನಿಗೆ ಕವಚವಾಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಗುಪ್ತ ಪೊಲೀಸರು ಅವನ ಮನೆ ಶೋಧಿಸಿ 'ನಾಯಿಯ ಹೃದಯ' ಎಂಬ ನೀಳ್ಗತೆಯ ಪ್ರತಿಯನ್ನೂ ದಿನಚರಿಯನ್ನೂ ಹೊತ್ತೊಯ್ದಿದ್ದರು. 1929ರ ಹೊತ್ತಿಗೆ ಅವನ ಒಂದೇ ಒಂದು ನಾಟಕವೂ ಯಾವ ರಂಗಮಂದಿರದಲ್ಲೂ ಉಳಿದಿರಲಿಲ್ಲ. ಕೈಯಲ್ಲಿ ಕಾಸಿಲ್ಲ, ಬರೆದದ್ದು ಅಚ್ಚಾಗುವುದಿಲ್ಲ, ಕೆಲಸಕ್ಕೆಂದು ಹೋದಲ್ಲೆಲ್ಲ ಬಾಗಿಲು ಮುಚ್ಚಿತ್ತು.

1930ರ ಮಾರ್ಚ್ 28ರಂದು ಅವನು ಸೋವಿಯತ್ ಸರ್ಕಾರಕ್ಕೆ ಕಾಗದ ಬರೆದ. ಕೈಮುಗಿದು ಬರೆದದ್ದಲ್ಲ, ಲೆಕ್ಕ ಒಪ್ಪಿಸಿದಂತೆ ಬರೆದದ್ದು. ಹತ್ತು ವರ್ಷಗಳಲ್ಲಿ ಪತ್ರಿಕೆಗಳು ತನ್ನ ಬಗ್ಗೆ ಬರೆದದ್ದು 301 ಬಾರಿ. ಹೊಗಳಿದ್ದು 3, ತೆಗಳಿದ್ದು 298. ದೆವ್ವದ ಕುರಿತ ಕಾದಂಬರಿಯೊಂದರ ಕರಡನ್ನು ತನ್ನ ಕೈಯಾರೆ ಒಲೆಗೆ ಹಾಕಿದ್ದೇನೆಂದೂ ಅದರಲ್ಲಿ ತಿಳಿಸಿದ. ಒಂದೋ ದೇಶ ಬಿಟ್ಟು ಹೋಗಲು ಬಿಡಿ, ಇಲ್ಲವೇ ರಂಗಮಂದಿರದಲ್ಲಿ ಸಹಾಯಕ ನಿರ್ದೇಶಕನ ಕೆಲಸ ಕೊಡಿ. ಅದಾಗದಿದ್ದರೆ ಗುಂಪಿನಲ್ಲಿ ನಿಲ್ಲುವ ನಟನ ಕೆಲಸ, ಅದೂ ಆಗದಿದ್ದರೆ ಪರದೆ ಎಳೆದು ಸಾಮಾನು ಹೊರುವ ಕೆಲಸ ಎಂದು ಕೇಳಿದ.

ಏಪ್ರಿಲ್ 14ರಂದು ಕವಿ ಮಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತ. ಕ್ರಾಂತಿಯ ಕವಿಯೆಂದು ಹೆಸರಾದವನೇ ಹೀಗೆ ಹೋದದ್ದು ಅಧಿಕಾರದಲ್ಲಿದ್ದವರಿಗೆ ಇರಿಸುಮುರಿಸು ತಂದಿತು. 17ರಂದು ಅವನ ಅಂತ್ಯಕ್ರಿಯೆ. ಮರುದಿನ ಬುಲ್ಗಾಕೊವ್‌ನ ಮನೆಯ ಟೆಲಿಫೋನ್ ಹೊಡೆದುಕೊಂಡಿತು. ಆಚೆ ಬದಿಯಲ್ಲಿ ಸ್ಟಾಲಿನ್. ಪಂಚಾಂಗ ನೋಡಿದರೆ ಅದು ಶುಭ ಶುಕ್ರವಾರ, ಏಸುವನ್ನು ಶಿಲುಬೆಗೇರಿಸಿದ ದಿನ. ದೆವ್ವದ ಆ ಕಾದಂಬರಿಯೊಳಗೆ, ಏಸುವಿಗೆ ಮರಣದಂಡನೆ ವಿಧಿಸಿದ ಪಿಲಾತನ ಕಥೆಯನ್ನೂ ಬರೆದು ಸುಟ್ಟವನಿಗೆ ಕರೆ ಬಂದ ದಿನವೂ ಅದೇ. ನಿಜವಾಗಿಯೂ ಹೊರದೇಶಕ್ಕೆ ಹೋಗಬೇಕೆನ್ನುತ್ತೀರಾ ಎಂದು ಆಚೆಯ ದನಿ ವಿಚಾರಿಸಿತು. ಬುಲ್ಗಾಕೊವ್ ತಬ್ಬಿಬ್ಬಾಗಿ, ರಷ್ಯನ್ ಬರಹಗಾರ ತಾಯ್ನಾಡಿನ ಹೊರಗೆ ಬದುಕಬಲ್ಲನೇ ಎಂಬುದನ್ನೇ ಈಚೆಗೆ ಯೋಚಿಸುತ್ತಿದ್ದೇನೆಂಬ ಅರ್ಥದ ಮಾತಾಡಿದ. ಆರ್ಟ್ ಥಿಯೇಟರಿಗೆ ಅರ್ಜಿ ಹಾಕಿ, ಅವರು ಒಪ್ಪಬಹುದು ಎಂಬ ಸೂಚನೆ ಸಿಕ್ಕಿತು. ಒಮ್ಮೆ ಕುಳಿತು ಮಾತಾಡೋಣ ಎಂಬ ಮಾತೂ ಬಂತು. ಕೆಲಸ ಸಿಕ್ಕಿತು. ಆ ಭೇಟಿ ಮಾತ್ರ ಅವನು ಸಾಯುವವರೆಗೂ ನಡೆಯಲಿಲ್ಲ. ಉಳಿದ ಹತ್ತು ವರ್ಷ ಅವನು ಆ ಎರಡನೆಯ ಕರೆಗಾಗಿ ಕಿವಿಗೊಟ್ಟೇ ಇದ್ದನೆಂದು ನನಗೆ ತೋರುತ್ತದೆ.

ಸುಟ್ಟ ಕಾದಂಬರಿಯನ್ನು ಅವನು ಮತ್ತೆ ಮೊದಲಿನಿಂದ ಬರೆಯತೊಡಗಿದ. ಈ ಹೊತ್ತಿಗೆ ಅವನ ಬಾಳಿಗೆ ಎಲೆನಾ ಸೆರ್ಗೇಯೆವ್ನಾ ಬಂದಿದ್ದಳು. ಸೈನ್ಯಾಧಿಕಾರಿಯೊಬ್ಬನ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ. 1929ರಲ್ಲಿ ಪರಿಚಯ, 1932ರ ಅಕ್ಟೋಬರಿನಲ್ಲಿ ಮದುವೆ. ದೆವ್ವದ ಕಥೆಯೊಳಗೆ ಮಾರ್ಗರಿತಾ ಎಂಬ ಹೆಣ್ಣು ಕಾಲಿಟ್ಟದ್ದು, ಮಾಸ್ಟರ್ ಎಂಬ ಹೆಸರಿಲ್ಲದ ಲೇಖಕನೊಬ್ಬ ಹುಟ್ಟಿದ್ದು ಅವಳ ಪರಿಚಯವಾದ ಮೇಲೆ. ಬರಹಗಾರನನ್ನು ಅವನ ಕೃತಿಯೇ ಕೊಲ್ಲುತ್ತಿರುವಾಗ ಆ ಕೃತಿಯನ್ನು ಉರಿಯೊಳಗಿಂದ ಬರಿಗೈಯಲ್ಲಿ ಎಳೆದು ಉಳಿಸಿಕೊಳ್ಳುವವಳು ಮಾರ್ಗರಿತಾ.

1935ರ ಏಪ್ರಿಲ್ ರಾತ್ರಿಯೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ರಾಯಭಾರಿ ವಿಲಿಯಂ ಬುಲಿಟ್ ತನ್ನ ನಿವಾಸವಾದ ಸ್ಪಾಸೊ ಹೌಸಿನಲ್ಲಿ ವಸಂತೋತ್ಸವದ ಔತಣ ಕೊಟ್ಟ. ಮಾಸ್ಕೋದಲ್ಲಿ ಹಸಿವೂ ಭಯವೂ ತುಂಬಿದ್ದ ಕಾಲದಲ್ಲಿ ಆ ಹಜಾರದಲ್ಲಿ ಹೂವಿನ ರಾಶಿ, ಪಂಜರದ ಹಕ್ಕಿಗಳು, ಆಡಿನ ಮರಿಗಳು, ಕರಡಿಮರಿಗಳು. ಎಲೆನಾ ಉದ್ದನೆಯ ಉಡುಪು ತೊಟ್ಟು ಗಂಡನ ಜೊತೆ ಹೋದಳು; ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟಳು. ಪಕ್ಷದ ನಾಯಕ ಬುಖಾರಿನ್ ಇದ್ದ, ಸೇನಾನಾಯಕ ತುಖಾಚೆವ್‌ಸ್ಕಿ ಇದ್ದ, ಇನ್ನೊಬ್ಬ ಸೇನಾನಾಯಕ ಯೆಗೊರೊವ್ ಇದ್ದ. ನಾಲ್ಕು ವರ್ಷ ತುಂಬುವುದರೊಳಗೆ ಈ ಮೂವರಿಗೂ ಗುಂಡೇಟು ಬಿದ್ದಿತ್ತು. ಕಾದಂಬರಿಯಲ್ಲಿ ಸೈತಾನನ ಔತಣಕೂಟ ಬರುತ್ತದೆ. ಸತ್ತವರು ಶೃಂಗರಿಸಿಕೊಂಡು ಸಾಲುಗಟ್ಟಿ ಮೆಟ್ಟಿಲೇರಿ ಬರುತ್ತಾರೆ, ಮಾರ್ಗರಿತಾ ಒಬ್ಬೊಬ್ಬರಿಗೂ ನಗುಮುಖ ತೋರಿಸಬೇಕು. ಸ್ಪಾಸೊ ಹೌಸಿನ ಅತಿಥಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಅಧ್ಯಾಯ ಓದಿದವರಿಗೆ ಅದು ಕಲ್ಪನೆಯೆಂದು ಅನಿಸುವುದಿಲ್ಲ.

1938ರ ಬೇಸಗೆಯಲ್ಲಿ ಕಾದಂಬರಿ ಮೊದಲ ಬಾರಿಗೆ ಆದ್ಯಂತ ಬೆರಳಚ್ಚಾಯಿತು. ಎಲೆನಾ ಲೆಬೆದ್ಯಾನ್ ಎಂಬ ಸಣ್ಣ ಊರಿಗೆ ಹವಾ ಬದಲಾವಣೆಗೆ ಹೋಗಿದ್ದಳು. ಆಕೆಯ ಅಕ್ಕ ಓಲ್ಗಾ ಆರ್ಟ್ ಥಿಯೇಟರಿನ ಕಾರ್ಯದರ್ಶಿ, ನುರಿತ ಬೆರಳಚ್ಚುಗಾರ್ತಿ. ಬುಲ್ಗಾಕೊವ್ ಹೇಳುತ್ತ ಹೋದ, ಓಲ್ಗಾ ಬಡಿಯುತ್ತ ಹೋದಳು. ಮಾತಿಲ್ಲ, ಅಭಿಪ್ರಾಯವಿಲ್ಲ, ಯಂತ್ರದ ಟಕಟಕ ಮಾತ್ರ. ಅಷ್ಟು ದೊಡ್ಡ ನಗೆಯ ಪುಸ್ತಕದಲ್ಲಿ ಓಲ್ಗಾ ನಕ್ಕದ್ದು ಒಂದೇ ಸಲ, ಅದೂ 245ನೆಯ ಪುಟದಲ್ಲಿ ಎಂದು ಅವನು ಹೆಂಡತಿಗೆ ಕಾಗದ ಬರೆದ. ಮೊದಲ ಓದುಗಾರ್ತಿ ಇಷ್ಟು ಬಿಗಿಯಾಗಿ ಕುಳಿತಾಗ ಬರೆದವನ ಹೊಟ್ಟೆಯೊಳಗೆ ಏನಾಗಿರಬೇಕೆಂಬುದನ್ನು ಬರೆಯುವವರೇ ಬಲ್ಲರು.

ಮರುವರ್ಷ ಅವನು ಸ್ಟಾಲಿನ್‌ನ ಎಳೆಯ ದಿನಗಳನ್ನು ಕುರಿತು 'ಬತೂಮ್' ಎಂಬ ನಾಟಕ ಬರೆದ. ಈ ಒಂದು ಕೆಲಸಕ್ಕಾಗಿ ಅವನನ್ನು ಇಂದಿಗೂ ಮೂದಲಿಸುವವರಿದ್ದಾರೆ. ಹತ್ತು ವರ್ಷ ಉಸಿರುಕಟ್ಟಿ ಬದುಕಿದವನ ತಪ್ಪನ್ನು ನಾವು ಆರಾಮಕುರ್ಚಿಯಲ್ಲಿ ಕುಳಿತು ಎಣಿಸುವುದು ನನಗೆ ಸರಿ ಕಾಣುವುದಿಲ್ಲ. ಹೇಗೂ ಆಗಸ್ಟಿನಲ್ಲಿ ಆ ನಾಟಕಕ್ಕೂ ಮೇಲಿನಿಂದಲೇ ನಿಷೇಧ ಬಂತು. ಆ ಪೆಟ್ಟಿನ ಹಿಂದೆಯೇ ಕಣ್ಣು ಮಂಜಾಯಿತು, ಮೂತ್ರಪಿಂಡ ಕೈಕೊಟ್ಟಿತು. ತಂದೆಯನ್ನು ಕೊಂಡೊಯ್ದ ರೋಗವೇ ಇದು ಎಂದು ವೈದ್ಯನಾದ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹಾಸಿಗೆಯ ಮೇಲಿಂದಲೇ ತಿದ್ದುಪಡಿ ಹೇಳುತ್ತಿದ್ದ, ಎಲೆನಾ ಬರೆದುಕೊಳ್ಳುತ್ತಿದ್ದಳು. 1940ರ ಫೆಬ್ರವರಿ 13ರಂದು, ಕಾದಂಬರಿಯ ಪಾತ್ರವಾದ ಬೆರ್ಲಿಯೋಜನ ಶವಯಾತ್ರೆಯ ಪುಟದ ಬಳಿ, ತಿದ್ದುವುದು ನಿಂತಿತು. ಮಾರ್ಚ್ 10ರಂದು ಉಸಿರು ನಿಂತಿತು. ವಯಸ್ಸು ನಲವತ್ತೆಂಟು. ಸ್ಟಾಲಿನ್‌ನ ಕಾರ್ಯಾಲಯದಿಂದ ಕರೆ ಬಂತೆಂದೂ, ಬುಲ್ಗಾಕೊವ್ ಸತ್ತದ್ದು ನಿಜವೇ ಎಂದು ಕೇಳಿ, ಹೌದೆಂದ ಕೂಡಲೇ ಆಚೆಯವರು ಮಾತಿಲ್ಲದೆ ಫೋನಿಟ್ಟರೆಂದೂ ಹೇಳುವುದುಂಟು.

ಅರ್ಧಕ್ಕೆ ನಿಂತ ತಿದ್ದುಪಡಿಯ ಗುರುತು ಪುಸ್ತಕದಲ್ಲಿ ಇಂದಿಗೂ ಇದೆ. ಸೈತಾನನ ಪರಿವಾರದಲ್ಲಿ ಗೆಲ್ಲಾ ಎಂಬ ರಕ್ತಪಿಶಾಚಿ ಹೆಣ್ಣಿದ್ದಾಳೆ. ಕೊನೆಯಲ್ಲಿ ಎಲ್ಲರೂ ಕುದುರೆಯೇರಿ ಮಾಸ್ಕೋ ಬಿಟ್ಟು ಹಾರುವಾಗ ಅವಳು ಮಾತ್ರ ಕಾಣುವುದಿಲ್ಲ. ವಿಮರ್ಶಕ ಲಾಕ್ಷಿನ್ ಇದನ್ನು ಎಲೆನಾಳ ಮುಂದಿಟ್ಟಾಗ ಆಕೆ ಗಾಬರಿಬಿದ್ದು, ಮಿಶಾ (ಗಂಡನ ಮುದ್ದುಹೆಸರು) ಅವಳನ್ನು ಮರೆತೇಬಿಟ್ಟನಲ್ಲ ಎಂದಳಂತೆ.

ಮುಂದಿನ ಇಪ್ಪತ್ತಾರು ವರ್ಷ ಕಾದಂಬರಿ ಒಬ್ಬ ವಿಧವೆಯ ಸೊತ್ತಾಗಿ ಇತ್ತು. ಯುದ್ಧ ಬಂದು ಮಾಸ್ಕೋದ ಲೇಖಕರನ್ನು ದೂರಕ್ಕೆ ಸಾಗಿಸಿದಾಗ ಎಲೆನಾ ತಾಷ್ಕೆಂಟಿಗೆ ಹೋದಳು. ಅಲ್ಲಿ ಕವಯಿತ್ರಿ ಅನ್ನಾ ಅಖ್ಮತೋವಾ ಈ ಕಾದಂಬರಿಯನ್ನು ಓದಿದಳು. 1946ರಲ್ಲಿ ಎಲೆನಾ ಸ್ಟಾಲಿನ್‌ಗೇ ಕಾಗದ ಬರೆದು ಗಂಡನ ಕೃತಿಗಳನ್ನು ಅಚ್ಚಿಗೆ ಬಿಡಬೇಕೆಂದು ಕೇಳಿದಳು. ಆಗಲಿಲ್ಲ. ನವದೇವಿಚಿ ಸ್ಮಶಾನದಲ್ಲಿ ಗಂಡನ ಸಮಾಧಿಗೆ ತಕ್ಕ ಕಲ್ಲು ಹುಡುಕುತ್ತ ಹೋದ ಆಕೆಗೆ, ಕಲ್ಲುಕೆಲಸದವರ ರಾಶಿಯಲ್ಲಿ ಒಂದು ಒರಟು ಕರಿಬಂಡೆ ಸಿಕ್ಕಿತು. ಹಿಂದೆ ಗೊಗೊಲ್‌ನ ಸಮಾಧಿಯ ಮೇಲಿದ್ದ ಕಲ್ಲು ಅದು. ಗೊಗೊಲ್ ಬುಲ್ಗಾಕೊವ್‌ನಿಗೆ ಗುರು. 'ಸತ್ತ ಆತ್ಮಗಳು' ಕಾದಂಬರಿಯ ಎರಡನೆಯ ಭಾಗವನ್ನು ಅವನೂ ಒಲೆಗೆ ಹಾಕಿದ್ದವನು. ಗುರುವಿನ ಗೋರಿಯ ಬಂಡೆ ಶಿಷ್ಯನ ಎದೆಯ ಮೇಲೆ ಬಂದು ಕೂತಿತು.

1966ರ ನವೆಂಬರ್. ಮಾಸ್ಕೋದಲ್ಲಿ 'ಮಾಸ್ಕ್ವಾ' ಎಂಬ ಮಾಸಪತ್ರಿಕೆಗೆ ಸಾಧಾರಣ ಹೆಸರಷ್ಟೇ ಇತ್ತು. ಚಂದಾದಾರರನ್ನು ಸೆಳೆಯುವ ಬರಹ ಅದಕ್ಕೆ ಬೇಕಿತ್ತು. ಕೊನ್‌ಸ್ತಾಂತಿನ್ ಸಿಮೊನೊವ್ ಮುನ್ನುಡಿ ಬರೆದ. ಹನ್ನೊಂದನೆಯ ಸಂಚಿಕೆಯಲ್ಲಿ ಮೊದಲ ಭಾಗ, 1967ರ ಜನವರಿ ಸಂಚಿಕೆಯಲ್ಲಿ ಎರಡನೆಯದು. ಒಂದೂವರೆ ಲಕ್ಷ ಪ್ರತಿ ನೋಡುನೋಡುತ್ತಲೇ ಖಾಲಿ. ಆದರೆ ಅಚ್ಚಾದದ್ದು ಇಡೀ ಕಾದಂಬರಿಯಲ್ಲ. ಸುಮಾರು ನೂರಕ್ಕೆ ಹನ್ನೆರಡು ಪಾಲು ಕತ್ತರಿಗೆ ಬಲಿಯಾಗಿತ್ತು. ವಿದೇಶಿ ಹಣ ಬಚ್ಚಿಟ್ಟವರನ್ನು ರಂಗದ ಮೇಲೆ ಕೂಡಿಹಾಕಿ ಬಾಯಿಬಿಡಿಸುವ ಕನಸು ಹೋಗಿತ್ತು. ಜನ ಮನೆಗಳಿಂದ ಸದ್ದಿಲ್ಲದೆ ಮಾಯವಾಗುವ ಮಾತು ಹೋಗಿತ್ತು. ಮಾರ್ಗರಿತಾಳ ಬತ್ತಲೆ ಮೈಯೂ ಆದಷ್ಟು ಹೋಗಿತ್ತು. ಪೊಲೀಸರಿಗೆ ಮುಜುಗರವಾಗುವ ಸಾಲನ್ನೂ ಮಡಿವಂತರಿಗೆ ಮುಜುಗರವಾಗುವ ಸಾಲನ್ನೂ ಒಂದೇ ಕತ್ತರಿಯಲ್ಲಿ ತೆಗೆದದ್ದು ನೋಡಿದರೆ ನಗು ಬರುತ್ತದೆ. ಓದುಗರು ಸುಮ್ಮನಿರಲಿಲ್ಲ. ಬಿಟ್ಟುಹೋದ ತುಣುಕುಗಳನ್ನು ಬೆರಳಚ್ಚು ಮಾಡಿ, ಯಾವ ಪುಟದ ಯಾವ ಸಾಲಿನ ಮುಂದೆ ಸೇರಿಸಿ ಓದಬೇಕೆಂದು ಗುರುತು ಹಾಕಿ, ಗುಟ್ಟಾಗಿ ಕೈಯಿಂದ ಕೈಗೆ ದಾಟಿಸಿದರು. ಪತ್ರಿಕೆಯ ಸಂಚಿಕೆಯೊಳಗೆ ಆ ಚೀಟಿಗಳನ್ನು ಅಂಟಿಸಿಟ್ಟುಕೊಂಡವರಿದ್ದರು.

ಎಲೆನಾ 1970ರಲ್ಲಿ ತೀರಿಕೊಂಡಳು. ಕತ್ತರಿ ತಾಗದ ಪುಸ್ತಕ ಸೋವಿಯತ್ ನಾಡಿನಲ್ಲಿ ಅಚ್ಚಾದದ್ದು 1973ರಲ್ಲಿ. ಅದನ್ನು ಕಣ್ಣಾರೆ ನೋಡುವ ಭಾಗ್ಯ ಗಂಡ ಹೆಂಡತಿ ಇಬ್ಬರಿಗೂ ಇರಲಿಲ್ಲ. 1977ರಲ್ಲಿ ಯೂರಿ ಲ್ಯುಬಿಮೊವ್ ಅದನ್ನು ತಗಾಂಕಾ ರಂಗಮಂದಿರಕ್ಕೆ ತಂದ. ಸಾದೋವಯಾ ಬೀದಿಯ ಕಟ್ಟಡದ ಮೆಟ್ಟಿಲ ಗೋಡೆಗಳ ಮೇಲೆ ಹರೆಯದವರು ಬೆಕ್ಕಿನ ಚಿತ್ರ, ಸೈತಾನನ ಹೆಸರು, ಕಾದಂಬರಿಯ ಸಾಲುಗಳನ್ನು ಬರೆಯತೊಡಗಿದರು. ಸುಣ್ಣ ಬಳಿದಷ್ಟೂ ಮತ್ತೆ ಬರೆದರು.

ಇನ್ನು ಪರದೆಯ ಮಾತು. ಹೊರನಾಡಿನಲ್ಲಿ ಈ ಕಥೆಗೆ ಬೇಗ ಕೈಹಾಕಿದರು; 1972ರಲ್ಲೇ ಯುಗೊಸ್ಲಾವಿಯದ ಪೆತ್ರೊವಿಚ್ ಸಿನಿಮಾ ಮಾಡಿದ, ಪೋಲೆಂಡಿನ ವಾಯ್ದಾ ಜರ್ಮನ್ ಟೆಲಿವಿಷನ್‌ಗೆಂದು ಪಿಲಾತನ ಭಾಗವನ್ನಷ್ಟೇ ತೆಗೆದ. ಕಾದಂಬರಿಯ ಸ್ವಂತ ನಾಡಿನಲ್ಲಿ ಅದು ಕೈಗೆ ಬಂದು ಬಂದು ಜಾರಿತು. 'ಬಂದು ನೋಡು' ಎಂಬ ಯುದ್ಧಚಿತ್ರದಿಂದ ಜಗತ್ತನ್ನೇ ನಡುಗಿಸಿದ ಎಲೆಮ್ ಕ್ಲಿಮೊವ್ ಅದನ್ನು ತೆಗೆಯಬೇಕೆಂದು ವರ್ಷಗಟ್ಟಲೆ ಹಂಬಲಿಸಿದ. ತೆಗೆಯಲಾಗಲಿಲ್ಲ, ಆ ಯುದ್ಧಚಿತ್ರದ ಮೇಲೆ ಅವನು ಬೇರೆ ಯಾವ ಚಿತ್ರವನ್ನೂ ಮಾಡದೆ 2003ರಲ್ಲಿ ಕಣ್ಮುಚ್ಚಿದ. ಯೂರಿ ಕಾರಾ ಎಂಬವನು 1994ರಲ್ಲಿ ಸಿನಿಮಾ ಮುಗಿಸಿದ್ದೂ ಆಯಿತು. ಹಕ್ಕಿನ ಜಗಳ, ನಿರ್ಮಾಪಕರ ಜಗಳದಲ್ಲಿ ಡಬ್ಬಿಗಳು ಕತ್ತಲೆ ಸೇರಿದವು. ಅದು ಚಿತ್ರಮಂದಿರ ಕಂಡದ್ದು 2011ರಲ್ಲಿ, ಹದಿನೇಳು ವರ್ಷದ ಅಜ್ಞಾತವಾಸದ ನಂತರ. ದೆವ್ವದ ಕಥೆಯನ್ನು ಮುಟ್ಟಿದವರಿಗೆ ಒಳ್ಳೆಯದಾಗದು ಎಂಬ ಪಿಸುಮಾತು ಆಗಲೇ ಹುಟ್ಟಿಕೊಂಡಿತ್ತು.

ವ್ಲಾದಿಮಿರ್ ಬೋರ್ತ್ಕೊ ಅಂಥ ಪಿಸುಮಾತಿಗೆ ಸೊಪ್ಪು ಹಾಕುವವನಲ್ಲ. ಬುಲ್ಗಾಕೊವ್‌ನ ಊರಾದ ಕೀವ್‌ನಲ್ಲೇ ನಿರ್ದೇಶನ ಕಲಿತು, ಲೆನಿನ್‌ಗ್ರಾದಿನ ಲೆನ್‌ಫಿಲ್ಮ್ ಸ್ಟುಡಿಯೊ ಸೇರಿದವನು. 1925ರಲ್ಲಿ ಬರೆದು ಪೊಲೀಸರ ಕೈಸೇರಿದ್ದ 'ನಾಯಿಯ ಹೃದಯ' 1987ರಲ್ಲಿ ಸೋವಿಯತ್ ಪತ್ರಿಕೆಯಲ್ಲಿ ಅಚ್ಚಾದದ್ದೇ ತಡ, ಮರುವರ್ಷವೇ ಅವನು ಅದನ್ನು ಟೆಲಿವಿಷನ್‌ಗೆ ತಂದ. ಬೀದಿನಾಯಿಗೆ ಮನುಷ್ಯನ ಗ್ರಂಥಿ ಕಸಿಮಾಡಿದ ಪ್ರೊಫೆಸರ್, ಹಾಗೆ ಹುಟ್ಟಿದ ಒರಟು ನಾಗರಿಕ ಶಾರಿಕೊವ್. ಇಡೀ ಚಿತ್ರಕ್ಕೆ ಹಳೆಯ ಫೋಟೊಗಳ ಕಂದುಬಣ್ಣ. ಯೆವ್‌ಸ್ತಿಗ್ನೇಯೆವ್ ಮಾಡಿದ ಪ್ರೊಫೆಸರನೂ ತೊಲೊಕೊನ್ನಿಕೊವ್ ಮಾಡಿದ ಶಾರಿಕೊವನೂ ಆ ನಾಡಿನ ಮನೆಮನೆಯ ಮಾತಾದರು. 'ಮಾಸ್ಟರ್ ಮತ್ತು ಮಾರ್ಗರಿತಾ' ಆ ದಿನಗಳಲ್ಲೇ ಅವನ ಕೈಗೆ ಬಂದಿತ್ತು. ಹಿರಿಯನಾದ ಕ್ಲಿಮೊವ್ ಅದರ ಮೇಲೆ ಮನಸ್ಸಿಟ್ಟಿದ್ದಾನೆಂದು ತಿಳಿದು ಅವನು ಹಿಂದೆ ಸರಿದ. ನಾಡು ಒಡೆಯಿತು, ಸ್ಟುಡಿಯೊಗಳು ಬಡವಾದವು. 2003ರಲ್ಲಿ ಅವನು ದೊಸ್ತೊಯೆವ್‌ಸ್ಕಿಯ 'ಇಡಿಯಟ್' ಕಾದಂಬರಿಯನ್ನು ಹತ್ತು ಕಂತುಗಳ ಧಾರಾವಾಹಿಯಾಗಿ ತಂದಾಗ ಜನ ತಮ್ಮ ಹಳೆಯ ಮೇಷ್ಟ್ರುಗಳಿಗೆ ಹೆದರಿ ಓದಿದ್ದನ್ನು ಊಟದ ಮೇಜಿನ ಮುಂದೆ ಕುಳಿತು ನೋಡಿದರು. ಸ್ವತಃ ಸೊಲ್ಜೆನಿತ್ಸಿನ್ ಹೆಸರಿನ ಬಹುಮಾನ ಆ ಧಾರಾವಾಹಿಗಾಗಿ ಅವನಿಗೂ ನಟ ಮಿರೊನೊವ್‌ಗೂ ಬಂತು. ಅದರಿಂದ ತೆರೆದ ದಾರಿಯಲ್ಲೇ ಸೈತಾನನ ಸವಾರಿ ಬಂತು.

2005ರ ಡಿಸೆಂಬರ್ 19, ಸೋಮವಾರ. ಸರ್ಕಾರದ್ದೇ ಆದ 'ರಸ್ಸಿಯಾ' ಚಾನೆಲ್‌ನಲ್ಲಿ 'ಮಾಸ್ಟರ್ ಮತ್ತು ಮಾರ್ಗರಿತಾ' ಧಾರಾವಾಹಿಯ ಮೊದಲ ಕಂತು. ಒಟ್ಟು ಹತ್ತು. ಸರ್ಕಾರದ ಪೊಲೀಸರು ಶೋಧಿಸಿ, ಸರ್ಕಾರದ ಪತ್ರಿಕೆಗಳು ಬೈದು, ಸರ್ಕಾರದ ಕತ್ತರಿ ಕುಯ್ದ ಲೇಖಕನನ್ನು ಅದೇ ಊರಿನ ಸರ್ಕಾರಿ ಪೆಟ್ಟಿಗೆ ಮನೆಮನೆಗೆ ಹೊತ್ತುತಂದಿತು. ಸರ್ಕಾರ ಅದೇ ಅಲ್ಲ ಎನ್ನುವವರಿಗೆ ನನ್ನ ತಕರಾರಿಲ್ಲ.

ಬೋರ್ತ್ಕೊ ಮಾಡಿದ ದೊಡ್ಡ ಆಯ್ಕೆಯೊಂದೇ: ಬುಲ್ಗಾಕೊವ್ ಬರೆದ ಮಾತನ್ನು ಮಾತಿಗೆ ಮಾತು ಉಳಿಸುವುದು. ಸಂಭಾಷಣೆಗಳು ಪುಸ್ತಕದಿಂದ ಎದ್ದು ಬಂದು ನಟರ ಬಾಯಲ್ಲಿ ಕುಳಿತಿವೆ. ಎಷ್ಟೋ ಕಡೆ ನೋಡುಗ ಮುಂದಿನ ಮಾತನ್ನು ತಾನೇ ಮೊದಲು ಹೇಳಬಲ್ಲ. ಇದು ಚಿತ್ರಿತ ಪುಸ್ತಕ, ಸಿನಿಮಾ ಅಲ್ಲ ಎಂದು ಮಾಸ್ಕೋದ ವಿಮರ್ಶಕರು ಮೂಗು ಮುರಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೂ ಒಂದು ಕಾಲಕ್ಕೆ ಚೀಟಿಯಲ್ಲಿ ಬೆರಳಚ್ಚಾಗಿ ಅಂಟಿಸಿಕೊಂಡು ಓದಬೇಕಾಗಿದ್ದ ಕೃತಿ ಇದು. ಆ ಸಾಲುಗಳನ್ನು ಮತ್ತೆ ಕತ್ತರಿಸಲು ಅವನ ಕೈ ಬಾರದೇ ಹೋದದ್ದರಲ್ಲಿ ನನಗೆ ಜಾಣತನಕ್ಕಿಂತ ಮರ್ಯಾದೆ ಕಾಣುತ್ತದೆ. ಕಾದಂಬರಿಯಲ್ಲಿಲ್ಲದ್ದನ್ನು ಅವನು ಸೇರಿಸಿಯೂ ಇದ್ದಾನೆ. ಫ್ರೆಂಚ್ ಎಂದು ಕರೆಯುವ ಮುಚ್ಚುಕೊರಳಿನ ಕೋಟು ತೊಟ್ಟು ಅಧಿಕಾರಿಯೊಬ್ಬ ಬರುತ್ತಾನೆ. ನೋಡಿದರೆ ಸ್ಟಾಲಿನ್ ಕಾಲದ ಗುಪ್ತ ಪೊಲೀಸರ ಮುಖ್ಯಸ್ಥ ಬೆರಿಯಾನ ನೆನಪು. ಆ ಪಾತ್ರವನ್ನೂ, ಯೆರ್ಷಲಾಯಿಮಿನ (ಕಾದಂಬರಿಯಲ್ಲಿ ಜೆರುಸಲೇಮಿನ ಹೆಸರು) ಮಹಾಯಾಜಕ ಕಾಯಫನನ್ನೂ ಮಾಡಿದವನು ಒಬ್ಬನೇ, ವಲೆಂತಿನ್ ಗಾಫ್ತ್. ಎರಡು ಸಾವಿರ ವರ್ಷದ ಅಂತರದ ಇಬ್ಬರು ಅಧಿಕಾರಸ್ಥರಿಗೆ ಒಂದೇ ಮುಖ. ಈ ಗಾಫ್ತ್ ಯಾರೆಂದರೆ ಕತ್ತಲೆ ಸೇರಿದ್ದ ಕಾರಾನ ಸಿನಿಮಾದಲ್ಲಿ ಸೈತಾನನಾಗಿದ್ದವನು!

ಬಣ್ಣದ ವಿಚಾರ. ಮೂವತ್ತರ ದಶಕದ ಮಾಸ್ಕೋ ಬಹುಪಾಲು 'ನಾಯಿಯ ಹೃದಯ'ದ ಹಾಗೆಯೇ ಕಂದುಬಣ್ಣದಲ್ಲಿದೆ, ಅಜ್ಜನ ಪೆಟ್ಟಿಗೆಯಿಂದ ತೆಗೆದ ಫೋಟೊದಂತೆ. ಪಿಲಾತನ ಅರಮನೆಗೆ ಬಣ್ಣವಿದೆ, ಬಿಸಿಲಿದೆ. ಎರಡು ಸಾವಿರ ವರ್ಷದ ಹಿಂದಿನದು ನಿನ್ನೆಯದಕ್ಕಿಂತ ನಿಚ್ಚಳ.

ಆ ಅರಮನೆಯ ಕಂಬಗಳ ನಡುವೆ ಒಂದು ದೃಶ್ಯ. ಕಿರಿಲ್ ಲಾವ್ರೊವ್ ಪಿಲಾತನಾಗಿ ಕುಳಿತಿದ್ದಾನೆ. ಅರೆತಲೆನೋವು, ಕತ್ತು ಒಂದಿಷ್ಟು ಅಲುಗಿದರೂ ಪ್ರಾಣ ಹೋದಂತೆ. ಎದುರಿಗೆ ಕೈಕಟ್ಟಿ ನಿಲ್ಲಿಸಿದ ಅಲೆಮಾರಿ ಯೇಷುವಾ, ಕಾದಂಬರಿಯ ಏಸು. ಪ್ರಶ್ನೆ ಕೇಳುವಾಗ ಲಾವ್ರೊವ್‌ನ ತುಟಿಯಷ್ಟೇ ಆಡುತ್ತದೆ, ಕೆನ್ನೆ ಕಲ್ಲು. ನಿನಗೆ ತಲೆನೋವಿದೆ ಎಂದು ಕೈದಿ ತಿಳಿಸಿದ ಕ್ಷಣ ಮುದುಕನ ಕಣ್ಣು ನಿಧಾನಕ್ಕೆ ಮೇಲೇಳುತ್ತದೆ. ಅಪ್ಪಣೆ ಕೊಟ್ಟು ಕೊಟ್ಟು ದಣಿದವನೊಬ್ಬನಿಗೆ ಯಾರೋ ಮೊದಲ ಸಲ ನೋವಿನ ಮಾತಾಡಿದಂತೆ ಆ ನೋಟ. ಲಾವ್ರೊವ್‌ಗೆ ಆಗ ಎಂಬತ್ತರ ಆಸುಪಾಸು; ರೋಮನ್ ಸೇನಾಧಿಕಾರಿಗೆ ಅಷ್ಟು ವಯಸ್ಸೇ ಎಂದು ಆಡಿಕೊಂಡವರು ಬಹಳ. ಸೋವಿಯತ್ ಕಾಲದಲ್ಲಿ ಈ ನಟ ಪರದೆಯ ಮೇಲೆ ಲೆನಿನ್‌ನ ಪಾತ್ರ ಮಾಡಿದವನು, ಎಷ್ಟೋ ಕಾಲ ಅಧಿಕಾರಿಗಳ, ನಾಯಕರ ಮುಖವಾಗಿದ್ದವನು. ಆ ಮುಖ ಕೊನೆಗಾಲದಲ್ಲಿ ತಪ್ಪೆಂದು ತಿಳಿದೂ ಮರಣದಂಡನೆಗೆ ಒಪ್ಪಿಗೆ ಕೊಡುವುದನ್ನು ನೋಡುವಾಗ ನನಗಂತೂ ವಯಸ್ಸು ನೆನಪಾಗುವುದಿಲ್ಲ.

ಸೈತಾನನಾದ ವೋಲಾಂದ್‌ನ ಪಾತ್ರ ಎಪ್ಪತ್ತೊಂದರ ಒಲೆಗ್ ಬಸಿಲಾಶ್ವಿಲಿಯದು. ಲಾವ್ರೊವ್ ಮುಖ್ಯಸ್ಥನಾಗಿದ್ದ ಪೀಟರ್ಸ್‌ಬರ್ಗಿನ ರಂಗಮಂದಿರದಲ್ಲೇ ಅವನೂ ನಟ; ಫೊಂತಾಂಕಾ ನದಿಯ ದಡದ ಒಂದೇ ಮನೆಯಿಂದ ಪಿಲಾತನೂ ಸೈತಾನನೂ ಬಂದಂತಾಯಿತು. ಹಿಂದೆ ರ್ಯಾಜಾನೊವ್‌ನ ಸಿನಿಮಾಗಳಲ್ಲಿ, 'ಶರತ್ಕಾಲದ ಮ್ಯಾರಥಾನ್'ನಲ್ಲಿ ಗೊಂದಲದ ನಡುವಯಸ್ಸಿನ ಗಂಡಸಾಗಿ ಜನಕ್ಕೆ ಪ್ರಿಯನಾದವನು. ಅವನ ವೋಲಾಂದ್ ಹೆದರಿಸುವುದಿಲ್ಲ; ತಪಾಸಣೆಗೆ ಬಂದು ಎಲ್ಲವನ್ನೂ ಮೊದಲೇ ಬಲ್ಲ ಹಿರಿಯ ಅಧಿಕಾರಿಯಂತೆ ಬೇಸತ್ತಿದ್ದಾನೆ. ಯೇಷುವಾನ ಪಾತ್ರಕ್ಕೆ ಸೆರ್ಗೇಯ್ ಬೆಜ್ರುಕೊವ್. ಮೂರು ವರ್ಷದ ಹಿಂದೆ 'ಬ್ರಿಗಾದಾ' ಧಾರಾವಾಹಿಯಲ್ಲಿ ಗೂಂಡಾಗಳ ನಾಯಕನಾಗಿ ನಾಡಿಗೇ ಪರಿಚಿತನಾದವನನ್ನು ದೇವಮಾನವನೆಂದು ಒಪ್ಪಲು ಹಲವರಿಗೆ ಗಂಟಲಿಗಿಳಿಯಲಿಲ್ಲ. ಮಾಸ್ಟರ್ ಆದವನು ಅಲೆಕ್ಸಾಂದ್ರ್ ಗಾಲಿಬಿನ್. ಅವನ ದನಿ ಮಾತ್ರ ಅವನದಲ್ಲ, ಬೆಜ್ರುಕೊವ್‌ನದು. ಬೇಕೆಂದೇ ಮಾಡಿದ್ದಾಗಲಿ ಅನುಕೂಲಕ್ಕೆ ಮಾಡಿದ್ದಾಗಲಿ, ಕಾದಂಬರಿ ಬರೆದವನಿಗೂ ಅವನು ಬರೆದ ಯೇಷುವಾನಿಗೂ ಒಂ‌ದೇ ಗಂಟಲು. ಮಾರ್ಗರಿತಾಳಾಗಿ ಅನ್ನಾ ಕವಾಲ್‌ಚುಕ್ ಔತಣಕೂಟದ ಮೆಟ್ಟಿಲ ಮೇಲೆ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುತ್ತಾಳೆ. ಸೈತಾನನ ಪರಿವಾರದ ಕೊರೊವ್ಯೋವ್‌ನಾದ ಅಬ್ದುಲೊವ್ ಪಟಪಟನೆ ಆಡುವ ಮಾತಿಗೆ, ಇವಾನ್ ಎಂಬ ಎಳೆಯ ಕವಿಯಾದ ವ್ಲಾದಿಸ್ಲಾವ್ ಗಾಲ್ಕಿನ್‌ನ ದಿಗಿಲಿಗೆ ಯಾರೂ ತಪ್ಪು ಹುಡುಕಲಿಲ್ಲ.

ಬೆಕ್ಕಿನ ಬಗ್ಗೆ ಹೇಳಲೇಬೇಕು. ಬೆಗೆಮೋತ್ ಎಂಬ ದೈತ್ಯ ಕರಿಬೆಕ್ಕು ಕಾದಂಬರಿಯ ಕಣ್ಮಣಿ: ಟ್ರಾಮಿಗೆ ಟಿಕೆಟು ಕೇಳುತ್ತದೆ, ಚದುರಂಗದಲ್ಲಿ ಮೋಸ ಮಾಡುತ್ತದೆ, ಸ್ಟೊವ್ ರಿಪೇರಿ ಮಾಡುತ್ತ ಕೂರುತ್ತದೆ. ಧಾರಾವಾಹಿಯಲ್ಲಿ ಅದು ತುಪ್ಪಳದ ವೇಷ ತೊಟ್ಟ ನಟ. ಓದುವಾಗ ನಾವೆಲ್ಲ ನಮ್ಮ ನಮ್ಮ ತಲೆಯೊಳಗೆ ಸಾಕಿಕೊಂಡಿದ್ದ ಬೆಕ್ಕಿಗೂ ಶಾಲಾ ವಾರ್ಷಿಕೋತ್ಸವದ ಈ ಬೆಕ್ಕಿಗೂ ಸಂಬಂಧವಿಲ್ಲ. ಅದು ಕಂಡಾಗಲೆಲ್ಲ ನಾನು ದನಿಯನ್ನಷ್ಟೇ ಕೇಳುತ್ತೇನೆ. ಸೆಮ್ಯೋನ್ ಫುರ್ಮಾನ್ ಕೊಟ್ಟ ಆ ದನಿ ಚೆನ್ನಾಗಿದೆ.

ಒಲೆಯ ದೃಶ್ಯವೂ ಇದೆ. ನೆಲಮಾಳಿಗೆಯ ಕೋಣೆಯಲ್ಲಿ ಮಾಸ್ಟರ್ ತನ್ನ ಬರಹವನ್ನು ಬೆಂಕಿಗೆ ಹಾಕುತ್ತಾನೆ, ಉಳಿದ ಕಟ್ಟನ್ನು ಮಾರ್ಗರಿತಾ ಎಳೆದುಕೊಳ್ಳುತ್ತಾಳೆ. ಮುಂದೆ ಐವತ್ತನೆಯ ಮನೆಯಲ್ಲಿ ಸೈತಾನನು ಆ ಸುಟ್ಟ ಬರಹವನ್ನು ಇಡಿಯಾಗಿ ಮರಳಿಸುತ್ತಾನೆ. 1930ರ ವಸಂತದಲ್ಲಿ ಬುಲ್ಗಾಕೊವ್‌ನಿಗೆ ಅಂಥ ಸೈತಾನನು ಸಿಕ್ಕಿರಲಿಲ್ಲ. ಅವನಿಗೆ ಮತ್ತೆ ಹತ್ತು ವರ್ಷ ಬರೆಯಬೇಕಾಯಿತು.

ಧಾರಾವಾಹಿ ಮುಗಿದ ಮೇಲೆ ಪಿಸುಮಾತು ಮತ್ತೆ ತಲೆಯೆತ್ತಿತು. 2007ರಲ್ಲಿ ಲಾವ್ರೊವ್ ಹೋದ, 2008ರ ಜನವರಿಯಲ್ಲಿ ಅಬ್ದುಲೊವ್, 2010ರಲ್ಲಿ ಇನ್ನೂ ನಲವತ್ತು ತುಂಬದ ಗಾಲ್ಕಿನ್. ಪತ್ರಿಕೆಗಳು ಶಾಪವೆಂದು ಬರೆದು ಮಾರಾಟ ಹೆಚ್ಚಿಸಿಕೊಂಡವು. ಎಂಬತ್ತು ದಾಟಿದವನ ಸಾವಿಗೆ ಸೈತಾನನ ಸಹಾಯ ಬೇಕಿಲ್ಲ. ಗಾಲ್ಕಿನ್‌ನ ಸಾವು ಸಂಕಟದ್ದೇ; ಅದನ್ನು ಗುಲ್ಲಿನ ಸರಕು ಮಾಡಿದ್ದು ಮನುಷ್ಯರು. ಬೋರ್ತ್ಕೊ ಗಟ್ಟಿಮುಟ್ಟಾಗಿದ್ದು 2011ರಲ್ಲಿ ರಷ್ಯದ ಸಂಸತ್ತಿಗೆ ಆರಿಸಿಹೋದ, ಅದೂ ಕಮ್ಯುನಿಸ್ಟ್ ಪಕ್ಷದಿಂದ. ಇದನ್ನು ಬುಲ್ಗಾಕೊವ್ ಕಂಡಿದ್ದರೆ ಒಂದು ಅಧ್ಯಾಯವನ್ನೇ ಬರೆಯುತ್ತಿದ್ದ.

2024ರ ಜನವರಿಯಲ್ಲಿ ಅದೇ ಕಾದಂಬರಿಯ ಮೇಲೆ ಮಿಖಾಯಿಲ್ ಲೋಕ್ಷಿನ್ ಎಂಬವನ ಹೊಸ ಸಿನಿಮಾ ರಷ್ಯದ ಚಿತ್ರಮಂದಿರಗಳಿಗೆ ಬಂತು. ನಿರ್ದೇಶಕ ಉಕ್ರೇನ್ ಯುದ್ಧವನ್ನು ವಿರೋಧಿಸಿದವನೆಂದು ಗದ್ದಲವೆದ್ದಿತು, ಚಿತ್ರವನ್ನು ತಡೆಯಬೇಕೆಂದು ಕೂಗೆದ್ದಿತು. ಮಂದಿರಗಳು ಮಾತ್ರ ತುಂಬಿಯೇ ಇದ್ದವು. ಸಾದೋವಯಾ ಬೀದಿಯ ಐವತ್ತನೆಯ ಮನೆ ಈಗ ವಸ್ತುಸಂಗ್ರಹಾಲಯ. ಜನ ಟಿಕೆಟು ಕೊಂಡು ಆ ಮೆಟ್ಟಿಲೇರುತ್ತಾರೆ, ಬೆಕ್ಕಿನ ಚಿತ್ರಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹರಿದ ಆ ಎರಡು ನೋಟುಪುಸ್ತಕಗಳು ಗ್ರಂಥಾಲಯದ ಭಂಡಾರದಲ್ಲೇ ಇವೆ, ಅರ್ಧ ಹೆಸರುಗಳ ಪಟ್ಟಿಗಳೊಂದಿಗೆ.